ಚಿಪ್ಪಮ್ಮನ ಸಿಟ್ಟು ಶಾಬ್ಲಿಯ ದ್ರಾಕ್ಷಿಗೆ ಇಳಿದದ್ದು

ಲೋಕದ ಮೈ ಇನ್ನೂ ಹಸಿಯಾಗಿತ್ತು. ಬೆಟ್ಟಗಳಿಗೆ ನೆಟ್ಟಗೆ ನಿಲ್ಲುವುದಕ್ಕೂ ಬರುತ್ತಿರಲಿಲ್ಲ. ಆ ಕಾಲದಲ್ಲಿ ಫ್ರಾನ್ಸ್ ದೇಶದ ಶಾಬ್ಲಿ ಎಂಬ ಊರು ಊರಾಗಿರಲಿಲ್ಲ, ಕಡಲಾಗಿತ್ತು. ಈಗ ಅಲ್ಲಿ ಎಲ್ಲಿ ನೋಡಿದರೂ ದ್ರಾಕ್ಷಿತೋಟ. ಆಗ ಎಲ್ಲಿ ನೋಡಿದರೂ ನೀರು.

ಆ ನೀರಿನ ತಳದಲ್ಲಿ ಚಿಪ್ಪಮ್ಮ ಎಂಬ ಸಿಂಪಿ ಇದ್ದಳು. ಎರಡು ಚಿಪ್ಪಿನ ನಡುವೆ ಮೈ ಮುದುಡಿಕೊಂಡು ಬದುಕುವ ಬಡಪಾಯಿ. ಅವಳಿಗೆ ಸಾವಿರ ಮಕ್ಕಳು. ಸಾವಿರಕ್ಕೂ ಕಡಲೇ ಅನ್ನ, ಕಡಲೇ ಉಸಿರು.

ಒಂದು ದಿನ ಕಡಲಪ್ಪನಿಗೆ ಅಲ್ಲಿ ಬೇಸರ ಬಂತು. ಪಡುವಣಕ್ಕೆ ಹೊರಟ. ಹೊರಡುವಾಗ, "ಬರ್ತೀನಿ ಚಿಪ್ಪಮ್ಮ" ಅಂದ.

ನಾವೆಲ್ಲ ಹಾಗೇ ಅನ್ನುತ್ತೇವೆ ತಾನೇ? ಹೊಸಿಲು ದಾಟುವಾಗ ಯಾರಾದರೂ "ಹೋಗ್ತೀನಿ" ಅಂದರೆ ದೊಡ್ಡವರು ಗದರುತ್ತಾರೆ. ಆದರೆ ಚಿಪ್ಪಮ್ಮ ಬುದ್ಧಿ ಬಂದಾಗಿನಿಂದ ಬಂಡೆಗೆ ಅಂಟಿಕೊಂಡವಳು. ಎಲ್ಲಿಗೂ ಹೋದವಳಲ್ಲ, ಯಾರನ್ನೂ ಕಳಿಸಿಕೊಟ್ಟವಳಲ್ಲ. ಬರ್ತೀನಿ ಅಂದರೆ ಬರ್ತಾನೆ ಅಂದುಕೊಂಡಳು.

ನೀರು ಇಳಿಯತೊಡಗಿತು. ಮಕ್ಕಳು ಇನ್ನೂ ಎಳೆಯವು, ಬಂಡೆಗೆ ಅಂಟಿರಲಿಲ್ಲ. ನೀರಿನ ಜೊತೆ ಜಾರಿಕೊಂಡು ಹೋಗಿದ್ದರೆ ಸಾವಿರವೂ ಬದುಕುತ್ತಿದ್ದವು.

"ಎಲ್ಲಿಗ್ರೋ ಹೊರಟ್ರಿ? ಸುಮ್ಮನೆ ಕೂತ್ಕೊಳ್ಳಿ. ಬಾಯಲ್ಲಿರೋ ಗುಟುಕು ಚೆಲ್ಲಬೇಡಿ. ಕಡಲಪ್ಪ ಈಗ ಬಂದ್ಬಿಡ್ತಾನೆ" ಅಂದಳು ಚಿಪ್ಪಮ್ಮ.

ಅಮ್ಮನ ಮಾತು ಕೇಳಿ ಮಕ್ಕಳು ಕೂತವು. ದಿನ ಕಳೆಯಿತು, ಬರಲಿಲ್ಲ. ವರ್ಷ ಕಳೆಯಿತು, ಬರಲಿಲ್ಲ. ಮೇಲೆ ಕೆಸರು ಕೂತಿತು, ಕೆಸರು ಒಣಗಿತು, ಒಣಗಿದ್ದು ಕಲ್ಲಾಯಿತು. ಮಕ್ಕಳೂ ಒಂದೊಂದಾಗಿ ಕಲ್ಲಾದವು.

ಕೊನೆಗೊಂದು ದಿನ ಕಲ್ಲಿನ ಬಿರುಕಿನಲ್ಲಿ ಗಾಳಿ ನುಸುಳಿ ಬಂದ.

"ಗಾಳಣ್ಣ, ಕಡಲಪ್ಪ ಎಲ್ಲಿ? ಬರ್ತೀನಿ ಅಂದಿದ್ದ."

ಗಾಳಿ ಗಹಗಹಿಸಿ ನಕ್ಕುಬಿಟ್ಟ. "ಅಯ್ಯೋ ಪೆದ್ದೀ! ಅದು ಹೊರಡುವಾಗ ಆಡೋ ಮಾತು ಕಣೇ. ಅವನು ಪಡುವಣದಲ್ಲಿ ಆರಾಮಾಗಿ ಹೊರಳಾಡ್ತಿದ್ದಾನೆ."

ಉಗುರಿಲ್ಲ, ಕೂದಲಿಲ್ಲ, ಆದರೂ ಚಿಪ್ಪಮ್ಮನಿಗೆ ನಖಶಿಖಾಂತ ಉರಿಯಿತು.

"ಹೋಗ್ತೀನಿ ಅಂತ ನೆಟ್ಟಗೆ ಹೇಳೋಕೆ ಅವನಿಗೇನು ರೋಗ ಬಂದಿತ್ತು? ಅವನ ಬಾಯಿಗಿಷ್ಟು ಮಣ್ಣು ಹಾಕ! ನನ್ನ ಸಾವಿರ ಮಕ್ಕಳು ಕಲ್ಲಾದ್ವಲ್ಲೋ! ನಾನೇ ಹಿಡಿದು ಕೂರಿಸಿದೆನಲ್ಲೋ!"

ಗಾಳಿಯ ನಗು ಅಲ್ಲೇ ನಿಂತಿತು. ಮುಖ ತಗ್ಗಿಸಿಕೊಂಡು ಹೊರಟ.

ಚಿಪ್ಪಮ್ಮನಲ್ಲಿ ಒಂದೇ ಒಂದು ಗುಟುಕು ಕಡಲು ಉಳಿದಿತ್ತು. ಅದನ್ನು ಚಿಪ್ಪಿನ ಮೂಲೆಯಲ್ಲಿ ಅದುಮಿಟ್ಟುಕೊಂಡಳು. ಕಡಲಪ್ಪ ಬರಲಿ, ಅವನ ಮುಖಕ್ಕೇ ಉಗಿಯುತ್ತೇನೆ ಎಂದು ಹಟ ಹಿಡಿದಳು. ತಪ್ಪೇನಿದೆ ಹೇಳಿ? ಹೆತ್ತ ಹೊಟ್ಟೆ ಉರಿಯದೆ ಇರುತ್ತದೆಯೇ?

ಎಷ್ಟೋ ಕಾಲ ಕಳೆದು, ಆ ಚಳಿಯ ಗುಡ್ಡಕ್ಕೆ ಬಿಳಿ ದ್ರಾಕ್ಷಿಯ ಬಳ್ಳಿಯೊಂದು ಬಂತು. ಸಣಕಲಿ. ಮಳೆ ಕೈಕೊಟ್ಟಿತ್ತು. ಸೆರೆನ್ ಹೊಳೆ ಗುಡ್ಡದ ಕೆಳಗೆಲ್ಲೋ ಹರಿಯುತ್ತಿತ್ತು, ಅವಳಿಗೆ ಎಟುಕದು. ಚೊಚ್ಚಲ ಗೊಂಚಲು ಬಾಡುತ್ತಿತ್ತು. ಅವಳ ಬೇರು ಕಲ್ಲಿನ ಸಂದಿಯಲ್ಲಿ ತಡಕಾಡುತ್ತ ಇಳಿದು ಚಿಪ್ಪಮ್ಮನ ಚಿಪ್ಪನ್ನು ತಟ್ಟಿತು.

"ಅಮ್ಮಾ, ಒಂದು ಗುಟುಕು ನೀರು ಕೊಡಮ್ಮಾ. ನನ್ನ ಕೂಸುಗಳು ಸಾಯ್ತಿವೆ."

"ತೊಲಗೇ! ಕೊಡೋಕೆ ನಾನೇನು ಅರವಟ್ಟಿಗೆ ಇಟ್ಟಿದ್ದೀನಾ? ನಡಿ ಇಲ್ಲಿಂದ!"

ಬಳ್ಳಿಗೂ ರೇಗಿತು. "ಎಲ್ಲಿಗೆ ನಡೀಲಿ? ನನಗೇನು ಕಾಲಿದ್ಯಾ? ಬೇರು ಬಿಟ್ಟ ಮೇಲೆ ಇಲ್ಲೇ ಬದುಕಬೇಕು, ಇಲ್ಲೇ ಸಾಯಬೇಕು. ಕೊಡಲ್ಲ ಅಂದ್ರೆ ಕೊಡಲ್ಲ ಅನ್ನು. ಆಮೇಲೆ ನೋಡೋಣ ಅನ್ಬೇಡ. ಕಾಯೋಕೆ ನನ್ನ ಮಕ್ಕಳಿಗೆ ಹೊತ್ತಿಲ್ಲ."

ಚಿಪ್ಪಮ್ಮ ಅತ್ತಿತ್ತ ನೋಡಿದಳು. ಸುತ್ತ ಸಾವಿರ ಮಕ್ಕಳು ಕಲ್ಲಾಗಿ ಕೂತಿದ್ದವು. ಗುಟುಕು ಕೊಟ್ಟುಬಿಟ್ಟರೆ ಆ ದ್ರೋಹಿಯ ಮುಖಕ್ಕೆ ಉಗಿಯಲು ಏನೂ ಉಳಿಯುವುದಿಲ್ಲ. ಕೊಡದಿದ್ದರೆ ಇನ್ನೊಬ್ಬಳ ಮಕ್ಕಳೂ ಕಾದು ಕಾದು ಒಣಗುತ್ತವೆ.

"ಹಿಡಿಯೇ, ಹಾಳಾದವಳೇ!" ಎಂದು ಗದರಿದಳು. "ಆದ್ರೆ ಇದು ಸಿಹಿನೀರಲ್ಲ. ಇದರಲ್ಲಿ ನನ್ನ ಹೊಟ್ಟೆಯ ಉರಿಯೆಲ್ಲ ಇದೆ. ಇದನ್ನ ಬೆಲ್ಲ ಮಾಡಿ ಜನರಿಗೆ ಹಂಚಿದ್ಯೋ, ನಿನ್ನನ್ನ ಸುಮ್ಮನೆ ಬಿಡಲ್ಲ!"

"ಮಾಡಲ್ಲಮ್ಮಾ" ಅಂದಳು ಬಳ್ಳಿ.

ಚಿಪ್ಪು ಕಿರ್ರೆಂದು ತೆರೆಯಿತು. ಗುಟುಕು ಬೇರಿಗೆ ಇಳಿಯಿತು. ಬಾಡಿದ ಗೊಂಚಲು ತಲೆಯೆತ್ತಿತು. ಚಿಪ್ಪಮ್ಮ ತೆರೆದ ಬಾಯಲ್ಲೇ ಕಲ್ಲಾದಳು. ಅವಳ ಸಿಟ್ಟು ಮಾತ್ರ ಕಲ್ಲಾಗಲಿಲ್ಲ, ಅದು ಆಗಲೇ ಬಳ್ಳಿ ಹತ್ತಿ ಹಣ್ಣು ಸೇರಿತ್ತು.

ಅದಕ್ಕೇ ಮಕ್ಕಳೇ, ಶಾಬ್ಲಿಯ ತೋಟದಲ್ಲಿ ಕಲ್ಲು ಎತ್ತಿ ನೋಡಿದರೆ ಪುಟ್ಟ ಪುಟ್ಟ ಚಿಪ್ಪುಗಳು ಕಾಣುತ್ತವೆ. ಅಲ್ಲಿನ ಬಿಳಿ ವೈನು ನಿಮಗಲ್ಲ, ದೊಡ್ಡವರಿಗೆ. ಬಾಯಿಗಿಟ್ಟ ಕೂಡಲೇ ಅವರ ನಾಲಿಗೆ ಚುರ್ರೆನ್ನುತ್ತದೆ, ಮುಖ ಕಿವುಚಿಕೊಳ್ಳುತ್ತಾರೆ. ಕಡಲು ಎಲ್ಲೋ ದೂರದಲ್ಲಿದ್ದರೂ ಅದರಲ್ಲಿ ಉಪ್ಪಿನ ಸುಳಿವು. ಆಹಾ ಎಂಥ ರುಚಿ ಎನ್ನುತ್ತ ಅವರು ಇನ್ನೊಂದು ಗುಟುಕು ಕುಡಿಯುತ್ತಾರೆ, ಅವರ ನಾಲಿಗೆಯ ಮೇಲೆ ನಿಂತು ಚಿಪ್ಪಮ್ಮ ಇವತ್ತಿಗೂ ಕಡಲಿಗೆ ಬೈಯುತ್ತಿರುತ್ತಾಳೆ.