ಅರಮನೆಯಿಂದ ಹೊರಗಾದ ಉಪ್ಪು

"ಕೇಳಿರಯ್ಯಾ ಕೇಳಿ! ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಅರ್ಧ ರಾಜ್ಯ. ತಪ್ಪಿದವನಿಗೆ ಸೆರೆಮನೆ. ಅರಮನೆಯೊಳಗೆ ಉಪ್ಪಿನ ಹೆಸರೆತ್ತಿದವನಿಗೆ ಹಿಂದಿನಂತೆಯೇ ತಲೆದಂಡ!"

ಡಂಗುರ ಕೇಳಿ ದನ ಕಾಯುವ ಕೆಂಚ ನಿಂತ. ಕಡೆಯ ಮಾತು ಊರಿಗೆ ಹೊಸದಲ್ಲ. ರಾಣಿ ತೀರಿಕೊಂಡ ದಿನವೇ ದೊರೆ, "ಅವಳಿಲ್ಲದ ಮನೆಗೆ ರುಚಿ ಯಾಕೆ?" ಎಂದು ಉಪ್ಪನ್ನು ಹೊರಗೆ ಹಾಕಿಸಿದ್ದ. ಅಂದಿನಿಂದ ಮಗಳು ಸೊರಗುತ್ತಿದ್ದಳು. ಕಾಲು ಸೆಳೆತ, ತಲೆ ಸುತ್ತು. ವೈದ್ಯರು ಲೇಹ್ಯ ಅರೆದರೇ ಹೊರತು ಬಾಯಿ ಬಿಡಲಿಲ್ಲ. ಹಾಲು ಕೊಡಲು ಹೋದಾಗ ಕೆಂಚ ನೋಡುತ್ತಿದ್ದ: ಬಾಗಿಲು ಹಿಡಿದೇ ನಿಲ್ಲುತ್ತಿದ್ದಳು, ಆದರೂ "ಕರು ಹೇಗಿದೆಯೋ?" ಎಂದು ಕೇಳುವುದನ್ನು ಬಿಟ್ಟಿರಲಿಲ್ಲ.

ಅವನೂ ಸಭೆಗೆ ಹೋದ.

"ಹೊಟ್ಟೆ ತುಂಬ ಹುಲ್ಲು ಮೇದ ಹಸು ಹಳೇ ಗೋಡೆಯನ್ನೇಕೆ ನೆಕ್ಕುತ್ತದೆ?" ಎಂದು ಕೇಳಿದಳು ಹೊನ್ನಾಂಬೆ.

"ಸುಣ್ಣಕ್ಕೆ," ಎಂದ ಪಾಳೆಯಗಾರನ ಮಗ.

"ದುಡಿದವನೂ ಅತ್ತವಳೂ ಕಳೆದುಕೊಳ್ಳುವುದೇನು?"

"ವಯಸ್ಸು," ಎಂದ ಇನ್ನೊಬ್ಬ.

ಇಬ್ಬರಿಗೂ ಉತ್ತರ ಗೊತ್ತಿತ್ತು; ತಲೆ ಉಳಿಯಲೆಂದು ಬೇಕೆಂದೇ ತಪ್ಪು ಹೇಳಿದ್ದರು. ಬೇಡಿ ತೊಡಿಸುವಾಗ ಒಬ್ಬ ಪಿಸುಗುಟ್ಟಿದ: "ಸೆರೆಮನೆಯ ಸಾರಿಗಾದರೂ ಅದು ಬಿದ್ದಿರುತ್ತಲ್ಲ, ಮಾರಾಯ!"

ಕೆಂಚನನ್ನು ಕಂಡು ಹೊನ್ನಾಂಬೆ ಬೆದರಿದಳು. "ಹೋಗಿಬಿಡೋ, ಕೆಂಚ."

"ಮೂರನೆಯದೂ ಕೇಳಿಬಿಡಿ, ಅಮ್ಮಣ್ಣಿ."

"ಹಸಿವಲ್ಲದ ಹಸಿವು, ನೀರಿಗೂ ತಣಿಯದ ಬಾಯಾರಿಕೆ. ಕೇಳುವುದು ನಾಲಿಗೆ. ಬೇಕಾದದ್ದು ಯಾರಿಗೆ?" ಕೆನ್ನೆಯಿಂದ ಹನಿಯೊಂದು ಜಾರಿತು. ಅವಳಿಗೆ ಅರಿವಿಲ್ಲದೆಯೇ ನಾಲಿಗೆ ಅದನ್ನು ಹಿಡಿಯಿತು.

ಕೆಂಚನಿಗೆ ತನ್ನ ಬೆವತ ತೋಳನ್ನು ನೆಕ್ಕುವ ಕರು ನೆನಪಾಯಿತು. ಇನ್ನು ಸುಮ್ಮನಿರಲಾಗಲಿಲ್ಲ.

"ಉಪ್ಪು," ಎಂದ.

ಕತ್ತಿ ಒರೆಯಿಂದ ಹೊರಬಂತು.

"ಹುಲ್ಲಿನಲ್ಲಿ ಸಾಲದ ಉಪ್ಪನ್ನು ಹಸು ಗೋಡೆಯಲ್ಲಿ ಹುಡುಕುತ್ತೆ, ಮಹಾಸ್ವಾಮಿ. ಬೆವರಾಗಿ, ಕಣ್ಣೀರಾಗಿ ಹೋಗುವುದೂ ಉಪ್ಪೇ. ಹೋದದ್ದನ್ನು ನೆತ್ತರು, ನರ, ಮಾಂಸ ವಾಪಸು ಕೇಳುತ್ತವೆ. ಅವಕ್ಕೆ ಬಾಯಿಲ್ಲ, ನಾಲಿಗೆಯ ಕೈಲಿ ಕೇಳಿಸುತ್ತವೆ. ಬೇಕಾದದ್ದು ಒಡಲಿಗೆ, ಚಪಲ ಅಲ್ಲ ಇದು. ರಾಣಿಯಮ್ಮನಿಗಾಗಿ ಅತ್ತೂ ಅತ್ತೂ ಅಮ್ಮಣ್ಣಿಯ ಒಡಲು ಬರಿದಾಗಿದೆ. ನನ್ನ ತಲೆ ಆಮೇಲೆ ತೆಗೀರಿ. ಮೊದಲು ಅವರಿಗೆ ಒಂದು ಬಟ್ಟಲು ಗಂಜಿ ಕೊಡಿ, ಉಪ್ಪು ಹಾಕಿ."

ದೊರೆ ಮಗಳತ್ತ ತಿರುಗಿದ. "ನೀನೇ ಯಾಕೆ ಹೇಳಲಿಲ್ಲ, ಮಗೂ?"

"ನಿಮ್ಮ ದುಃಖಕ್ಕೆ ಹೇಗೆ ಅಡ್ಡ ಬರಲಿ, ಅಪ್ಪಾಜಿ?"

ದೊರೆಯ ಕಣ್ಣೀರು ಮೀಸೆಗಿಳಿದು ತುಟಿ ಮುಟ್ಟಿತು. ಅದರ ರುಚಿ ಅವನಿಗೂ ಹತ್ತಿರಬೇಕು. ಕತ್ತಿ ಒರೆಗೆ ಮರಳಿತು, ಸೆರೆಯ ಬಾಗಿಲೂ ತೆರೆಯಿತು.

ಗಂಜಿ ಬಂತು. ಉಪ್ಪು ಮಾತ್ರ ಅರಮನೆಯಲ್ಲಿ ಎಲ್ಲಿಂದ ಬರಬೇಕು? ಕೆಂಚ ದನಗಳಿಗೆಂದು ಕಂಬಳಿಯ ತುದಿಗೆ ಗಂಟು ಕಟ್ಟಿದ್ದ ಹರಳುಪ್ಪನ್ನು ಬಿಚ್ಚಿ ಅವಳತ್ತ ಚಾಚಿದ.

ಬಹಳ ದಿನದ ಮೇಲೆ ಹೊನ್ನಾಂಬೆ ನಕ್ಕಳು. "ಕೆಳಗಿಡೋ. ಉಪ್ಪನ್ನು ಕೈಗೆ ಕೊಟ್ಟರೆ ಜಗಳ ಬರುತ್ತಂತೆ."

"ಬರಲಿ ಬಿಡಿ, ಅಮ್ಮಣ್ಣಿ. ಜಗಳ ಆಡೋಕೆ ಇಬ್ಬರೂ ಬದುಕಿರಬೇಕಲ್ಲ."

ಅವಳು ಅಂಗೈಯೊಡ್ಡಿದಳು.

"ಜಗಳಕ್ಕೊಂದು ಮನೆಯೂ ಬೇಕು," ಎಂದ ದೊರೆ, ಮದುವೆಗೆ ದಿನ ನೋಡಲು ಜೋಯಿಸರನ್ನು ಕರೆಸಿದ.