ಬೋರ್ಡಿನ ಕಾಶವ್ವ ಸುಳ್ಳು ಹೇಳಿದ್ದು

ಹಿಂದೆ, ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ಕುಪ್ಪಸದ ಖಣ ನೇಯುವ ಒಂದೂರಲ್ಲಿ ಕಾಶವ್ವ ಅಂತ ಒಬ್ಬಳಿದ್ದಳು. ಬಸ್‌ಸ್ಟ್ಯಾಂಡಿನ ಹಿಂದೆ ಅವಳದೊಂದು ರಿಪೇರಿ ಅಂಗಡಿ. ಮೊದಲು ರೇಡಿಯೋ, ಆಮೇಲೆ ಟಿವಿ, ಆಮೇಲೆ ಕಂಪ್ಯೂಟರ್. ಸುತ್ತಲಿನ ಊರಿನವರೆಲ್ಲ ಅವಳನ್ನು ಬೋರ್ಡಿನ ಕಾಶವ್ವ ಅನ್ನುತ್ತಿದ್ದರು. ಯಂತ್ರದೊಳಗಿನ ಕೆಟ್ಟ ಬೋರ್ಡಿನ ಮೇಲೆ ಅಂಗೈ ಆಡಿಸಿದರೆ ಸಾಕು, ಬ್ಯಾನಿ ಎಲ್ಲಿದೆ ಅಂತ ಬೆರಳಿಗೇ ತಿಳಿಯುತ್ತಿತ್ತಂತೆ. ಸಿಡಿಲು ಬಡಿದ ಬೋರ್ಡನ್ನೂ ಎಬ್ಬಿಸಿ ಕೂಡಿಸಿದಳಂತೆ. ಹಾಗಂತಾರೆ.

ಹೊಸ ಡಿಸ್ಕನ್ನು ಹಳೇ ಬೋರ್ಡಿಗೆ ಒಗ್ಗಿಸುವುದರಲ್ಲಂತೂ ಅವಳನ್ನು ಬಿಟ್ಟರೆ ಇಲ್ಲ ಅನ್ನುತ್ತಿದ್ದರು. ಆಗ ಎನ್‌ವಿಎಂಇ ಅಂತ ಕಿರುಬೆರಳಿನಷ್ಟು ತೆಳ್ಳಗಿನ ಡಿಸ್ಕುಗಳು ಬಂದಿದ್ದವು. ಹಳೇ ತರಹದವು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಹಳೇ ಬೋರ್ಡುಗಳಿಗೋ ಹೊಸ ಡಿಸ್ಕಿನ ಪರಿಚಯವೇ ಇಲ್ಲ. ಬೋರ್ಡಿನ ಮೂಲೆಯಲ್ಲಿ ಎಂಟು ಕಾಲಿನ ಒಂದು ಚಿಪ್ ಇರುತ್ತದೆ. ಬಯಾಸ್ ಅನ್ನುವ ಮೊದಲ ಪಾಠ ಇರುವುದು ಅದರಲ್ಲಿ. ಗುಂಡಿ ಒತ್ತಿದ ಕೂಡಲೇ ಬೋರ್ಡು ಆ ಪಾಠ ಓದಿಕೊಂಡು ಡಿಸ್ಕನ್ನು ಹುಡುಕುತ್ತದೆ. ಕಾಶವ್ವ ಆ ಪಾಠವನ್ನು ತಿದ್ದಿ, ಹೊಸ ಡಿಸ್ಕನ್ನು ಗುರುತಿಸುವ ಒಂದು ತುಂಡನ್ನು ನಡುವೆ ಸೇರಿಸಿ, ಚಿಪ್ಪಿಗೆ ವಾಪಸು ಬರೆಯುತ್ತಿದ್ದಳು. ಬೋರ್ಡು ಹೊಸ ಡಿಸ್ಕಿನಿಂದ ಎದ್ದು ನಿಲ್ಲುತ್ತಿತ್ತು. ಹೀಗೆ ನೂರು ಬೋರ್ಡು ಎಬ್ಬಿಸಿದಳು ಅಂತಾರೆ. ಕೆಲವರು ಸಾವಿರ ಅಂತಾರೆ.

ಆ ಊರಿನ ನೇಕಾರರ ಸಂಘದ ಶೆಡ್ಡಿನಲ್ಲಿ ಒಂದು ಹಳೇ ಕಂಪ್ಯೂಟರ್ ಇತ್ತು. ಅದಕ್ಕೆ ಕಟ್ಟಿದ ಯಂತ್ರ ರಟ್ಟಿಗೆ ತೂತು ಹೊಡೆಯುತ್ತಿತ್ತು. ಆ ರಟ್ಟಿನ ಸಾಲನ್ನು ಮಗ್ಗದ ಮೇಲೆ ಏರಿಸಿದರೆ, ತೂತು ಇದ್ದಲ್ಲಿ ಎಳೆ ಏಳುತ್ತಿತ್ತು, ಖಣದಲ್ಲಿ ಹೂ ಮೂಡುತ್ತಿತ್ತು. ಊರಿನ ಹೂವೆಲ್ಲ ಆ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದವು. ಅದನ್ನು ನಡೆಸುತ್ತಿದ್ದವನು ದಸ್ತಗೀರಸಾಬ. ಕಾಶವ್ವನಿಗಿಂತ ಹಿರಿಯ, ಮೆಲುಮಾತಿನವ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೆ ಇಪ್ಪತ್ತು ವರ್ಷ ಒಂದು ತೂತು ತಪ್ಪಿ ಹೊಡೆದವನಲ್ಲ.

ಒಂದು ಸಲ ಅದರ ಡಿಸ್ಕು ಗರಗರ ಸದ್ದು ಮಾಡತೊಡಗಿತು. ಸಂಘದವರು ಹೂವಿನ ಕಡತ, ಅವನ್ನು ತೆರೆಯುವ ಪ್ರೋಗ್ರಾಂ ಎಲ್ಲ ಬೇರೆ ಕಡೆ ಇಳಿಸಿಕೊಂಡು, ಹೊಸ ತೆಳ್ಳನೆಯ ಡಿಸ್ಕು ತರಿಸಿ, ಕಾಶವ್ವನನ್ನು ಕರೆದರು. ನೋಡಲು ಅರ್ಧ ಊರೇ ಬಂದಿತ್ತಂತೆ. ಅವಳು ಪೆಟ್ಟಿಗೆ ಬಿಚ್ಚಿ ಚಿಪ್ಪಿಗೆ ಪಾಠ ಓದಿ ಬರೆಯುವ ಕ್ಲಿಪ್ ಹಚ್ಚಿದಳು. ಗೋಡೆಯ ಸ್ವಿಚ್ಚಿನ ಪಕ್ಕ ನಿಂತಿದ್ದ ದಸ್ತಗೀರಸಾಬ ಮೆಲ್ಲಗೆ ಕೇಳಿದ.

"ತಂಗೀ, ಚಿಪ್ಪಿನಾಗಿನ ಹಳೇದರದು ಒಂದು ನಕಲು ತಗೊಂಡಿಯೇನವಾ?"

ಅಷ್ಟು ಜನರ ಮುಂದೆ ರಟ್ಟು ಹೊಡೆಯುವವನು ತನಗೆ ಬುದ್ಧಿ ಹೇಳಿದನಲ್ಲ ಅಂತ ಕಾಶವ್ವನ ಮೋರೆ ಬಿಸಿಯಾಯಿತು.

"ತಗೊಂಡೀನಣ್ಣಾ. ನಿಮ್ಮ ಕೆಲಸ ನೀವು ನೋಡ್ರಿ."

ತಗೊಂಡಿರಲಿಲ್ಲ. ಅದೇ ಜಾತಿಯ ಬೇರೆ ಬೋರ್ಡಿನ ಪಾಠವನ್ನು ಮನೆಯಲ್ಲೇ ತಿದ್ದಿ ತಂದಿದ್ದಳು. ಅದನ್ನೇ ಚಿಪ್ಪಿನ ತುಂಬ ಬರೆದುಬಿಟ್ಟಳು.

ಬೋರ್ಡು ಎದ್ದಿತು. ಹೊಸ ಡಿಸ್ಕಿನ ಹೆಸರು ಪರದೆಯ ಮೇಲೆ ಬಂತು. ಜನ ಚಪ್ಪಾಳೆ ಹೊಡೆದರು. ಆದರೆ ಹೂ ಹೊಡೆಯುವ ಪ್ರೋಗ್ರಾಂ ತೆರೆಯಲಿಲ್ಲ. ಅದು ಆ ಒಂದೇ ಬೋರ್ಡಿನ ಗುರುತಿನ ನಂಬರಿಗೆ ಕಟ್ಟಿಕೊಂಡಿದ್ದ ಪ್ರೋಗ್ರಾಂ. ನಂಬರು ಇದ್ದದ್ದು ಚಿಪ್ಪಿನಲ್ಲಿ, ಹಳೇ ಪಾಠದ ಕೊನೆಗೆ. ಈಗ ಆ ಜಾಗದಲ್ಲಿ ಬರೀ ಸೊನ್ನೆಗಳು. ಪ್ರೋಗ್ರಾಂ ಮಾಡಿಕೊಟ್ಟವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಕಾಶವ್ವನಿಗೆ ಆ ಕ್ಷಣವೇ ತಿಳಿಯಿತು. ಜನ ಅವಳ ಬಾಯನ್ನೇ ನೋಡುತ್ತಿದ್ದರು. ಅವಳ ಬಾಯಿ ಅಂದಿತು:

"ಬರೆಯೂ ಮುಂದ ಯಾರೋ ಸ್ವಿಚ್ ಆರಿಸ್ಯಾರ. ಅರ್ಧಕ್ಕ ನಿಂತೈತಿ."

ಹೆಸರು ಹೇಳಲಿಲ್ಲ. ಹೇಳುವುದು ಬೇಕಾಗಿಯೂ ಇರಲಿಲ್ಲ. ಎಲ್ಲರೂ ಸ್ವಿಚ್ಚಿನ ಕಡೆ ತಿರುಗಿದರು.

"ನಾ ಕೈ ಹಚ್ಚಿಲ್ರಿ," ಅಂದ ದಸ್ತಗೀರಸಾಬ. ಒಂದೇ ಸಲ ಅಂದ. ಕಾಶವ್ವನ ಕಡೆ ನೋಡಿದ. ಅವಳು ಕ್ಲಿಪ್ಪಿನ ವೈರು ಸುತ್ತುತ್ತಿದ್ದಳು.

ಸಂಘದವರು ಅವನಿಗೆ ನಾಳೆಯಿಂದ ಬರಬೇಡ ಅಂದರು. ಆದರೆ ಮಗ್ಗಕ್ಕೆ ಹೂ ಬೇಕಲ್ಲ. ಕಡೆಗೆ ನೇಕಾರರೇ ಒಬ್ಬೊಬ್ಬರಾಗಿ ಅವನ ಮನೆಗೆ ಹೋದರು. ಅವನು ಅಪ್ಪನ ಕಾಲದ ಉಳಿ ಸುತ್ತಿಗೆ ತೆಗೆದು ಕೈಯಿಂದಲೇ ರಟ್ಟಿಗೆ ತೂತು ಹೊಡೆಯತೊಡಗಿದ. ಒಂದು ಹೂವಿಗೆ ಸಾವಿರಾರು ತೂತು. ಟೊಕ್ ಟೊಕ್ ಟೊಕ್, ಬೆಳಗಿನಿಂದ ಸಂಜೆತನಕ. ಅವನ ಮನೆ ಇದ್ದದ್ದು ಕಾಶವ್ವನ ಅಂಗಡಿಯ ದಾರಿಯಲ್ಲೇ. ಅವಳು ದಾರಿ ಬದಲಿಸಿದಳು. ಆಚೆ ಓಣಿಗೂ ಕೇಳಿಸಿತು. ಅಂಗಡಿಯಲ್ಲಿ ರೇಡಿಯೋ ಜೋರು ಮಾಡಿ ಕೂತಳು. ಗಿರಾಕಿಗಳು ಅವಳ ಕೈಗುಣ ಹೊಗಳಿದರೆ ತಲೆ ಎತ್ತುತ್ತಿರಲಿಲ್ಲವಂತೆ. ನಾಳೆ ಹೋಗಿ ಹೇಳುತ್ತೇನೆ ಅಂದುಕೊಳ್ಳುತ್ತಿದ್ದಳು. ಆ ನಾಳೆಗೆ ಎಂಟು ತಿಂಗಳು ಹಿಡಿಯಿತು ಅಂತಾರೆ.

ಒಂದು ಮಧ್ಯಾಹ್ನ ಸದ್ದು ನಿಂತಿತು. ಮರುದಿನವೂ ಕೇಳಲಿಲ್ಲ. ಕಾಶವ್ವನಿಗೆ ಕೂರಲಾಗಲಿಲ್ಲ, ಹೋದಳು. ದಸ್ತಗೀರಸಾಬ ಕಣ್ಣಿಗೆ ಒದ್ದೆ ಅರಿವೆ ಹಾಕಿಕೊಂಡು ಗೋಡೆಗೆ ಒರಗಿದ್ದ. ಸಣ್ಣ ಗುರುತು ನೋಡಿ ನೋಡಿ ಕಣ್ಣು ಸೋತಿದ್ದವು.

"ಯಾರು?" ಅಂದ.

"ನಾನಣ್ಣಾ, ಕಾಶವ್ವ." ಹೊಸ್ತಿಲು ದಾಟಲಿಲ್ಲ. ಅಲ್ಲಿಂದಲೇ ಹೇಳಿದಳು. "ಸ್ವಿಚ್ ಯಾರೂ ಆರಿಸಿದ್ದಿಲ್ಲ. ನಾ ನಕಲು ತಗೊಂಡಿದ್ದಿಲ್ಲ. ಬೋರ್ಡಿನ ನಂಬರ ಅಳಿಸಿಬಿಟ್ಟೆ."

ದಸ್ತಗೀರಸಾಬ ಅರಿವೆ ತೆಗೆದ. ಬಯ್ಯಲಿಲ್ಲ. "ನಂಬರ? ಪ್ರೋಗ್ರಾಂ ತೆಗೆದ ಕೂಡ್ಲೆ ಮ್ಯಾಲ ಬರ್ತಿತ್ತಲ್ಲ, ಅದಾ?" ಅಂದ. ಹಾಸಿಗೆಯ ತಲೆದೆಸೆಯಿಂದ ಹೂವಿನ ನಕ್ಷೆಗಳ ಕಟ್ಟು ಎಳೆದ. ಪ್ರತಿ ನಕ್ಷೆಯ ಮೂಲೆಯಲ್ಲೂ ಆ ನಂಬರು ಇತ್ತು. ಇಂಗ್ಲಿಷ್ ಓದಲು ಬರದಿದ್ದರೂ, ಪರದೆಯ ಮೇಲೆ ಕಂಡ ಹಾಗೆಯೇ, ಬಳ್ಳಿ ಬರೆದಂತೆ ಒಂದೊಂದೇ ಅಕ್ಷರ ಬರೆದಿಟ್ಟಿದ್ದ.

"ಇದು ಬೇಕು ಅಂತ ಅವತ್ತ ಅಂದಿದ್ರ ಅವತ್ತ ಕೊಡ್ತಿದ್ನಲ್ಲವಾ," ಅಂದ. "ಸ್ವಿಚ್ ಆರಿಸ್ಯಾರ ಅಂದಿ. ನನಗ ಹೆಂಗ ತಿಳೀಬೇಕು?"

ಕಾಶವ್ವ ಹೊಸ್ತಿಲ ಮೇಲೆ ಕೂತಳು. ನಂಬರು ಎಂಟು ತಿಂಗಳೂ ಈ ಮನೆಯಲ್ಲೇ ಇತ್ತು. ಅವಳು ದಾರಿ ಬದಲಿಸಿದ್ದು ಇದೇ ಮನೆಯನ್ನು ತಪ್ಪಿಸಲು.

ನಂಬರನ್ನು ಚಿಪ್ಪಿಗೆ ವಾಪಸು ಬರೆದಳು. ಪ್ರೋಗ್ರಾಂ ತೆರೆಯಿತು, ಯಂತ್ರ ಓಡಿತು. ಶೆಡ್ಡಿನಲ್ಲಿ ಮತ್ತೆ ಚಪ್ಪಾಳೆ. ಕಾಶವ್ವ ಕೈ ಎತ್ತಿ ನಿಲ್ಲಿಸಿ, ಇದ್ದದ್ದು ಇದ್ದ ಹಾಗೆ ಎಲ್ಲರ ಮುಂದೆ ಹೇಳಿದಳು. ಆದರೆ ಜನ ನಂಬಲಿಲ್ಲವಂತೆ. ಪಾಪ, ಸಾಬನ ಮರ್ಯಾದೆ ಉಳಿಸಲು ತಪ್ಪನ್ನು ಮೈಮೇಲೆ ಹಾಕಿಕೊಂಡಳು, ಎಂಥಾ ದೊಡ್ಡ ಮನಸ್ಸು ಅಂದರಂತೆ. ಅವಳು ಮತ್ತೆ ಹೇಳಿದಳು. ಅವರು ಮತ್ತಷ್ಟು ಹೊಗಳಿದರು. ಆ ಹೊಗಳಿಕೆ ಬೈಗುಳಕ್ಕಿಂತ ಹೆಚ್ಚು ಸುಟ್ಟಿತು ಅಂತ ಅವಳು ಕಡೆತನಕ ಅನ್ನುತ್ತಿದ್ದಳಂತೆ. ಸಂಘದವರು ದಸ್ತಗೀರಸಾಬನನ್ನು ಕರೆಯಲು ಹೋದರು. ಅವನು ಬರಲಿಲ್ಲ. ಬಂದರೂ ಅವನಿಗೆ ಈಗ ಪರದೆ ಕಾಣುತ್ತಿರಲಿಲ್ಲ.

ಆ ವರ್ಷದ ಖಂಡೇನವಮಿಗೆ ಎಲ್ಲರೂ ಹತ್ಯಾರ ತೊಳೆದು ಪೂಜೆಗಿಟ್ಟಾಗ, ಕಾಶವ್ವ ತನ್ನ ಕ್ಲಿಪ್ಪಿಗೆ ಕುಂಕುಮ ಹಚ್ಚಲಿಲ್ಲ. ಅಂಗಡಿಯ ಮುಂದೆ ನಿಂತು, ತಾನು ಕೆಡಿಸಿದ್ದು ಏನು, ಅದು ಯಾರದು ಅಂತ ದೊಡ್ಡದಾಗಿ ಹೇಳಿದಳು. ಆಮೇಲೆ ಹಚ್ಚಿದಳು. ಪ್ರತಿ ವರ್ಷ ಹಾಗೇ ಮಾಡಿದಳು.

ಅವಳು ಹೋಗಿ ಬಹಳ ಕಾಲವಾಯಿತು. ಆ ಊರಿನ ರಿಪೇರಿಯವರು ಇವತ್ತಿಗೂ ಖಂಡೇನವಮಿ ದಿನ ಅವಳ ಅಂಗಡಿ ಇದ್ದ ಜಾಗದಲ್ಲಿ ಸೇರುತ್ತಾರೆ. ಸ್ಕ್ರೂಡ್ರೈವರ್, ಮೀಟರ್, ಸೋಲ್ಡರಿಂಗ್ ಐರನ್, ಕ್ಲಿಪ್ಪು, ಎಲ್ಲ ಒಂದು ಕಂಬಳಿಯ ಮೇಲೆ ಇಡುತ್ತಾರೆ. ಒಬ್ಬೊಬ್ಬರೇ ಎದ್ದು, ಈ ವರ್ಷ ತಾವು ಏನು ಕೆಡಿಸಿದೆವು, ಯಾರದನ್ನು ಕೆಡಿಸಿದೆವು ಅಂತ ಹೆಸರು ಹಿಡಿದು ಹೇಳುತ್ತಾರೆ. ಯಾರೂ ನಗುವಂತಿಲ್ಲ, ಯಾರೂ ಹೊಗಳುವಂತಿಲ್ಲ. ಹೇಳಿದವರ ಹತ್ಯಾರಕ್ಕೆ ಕುಂಕುಮ. ನಾನೇನೂ ಕೆಡಿಸಿಲ್ಲ ಅಂದವರ ಹತ್ಯಾರವನ್ನು ಮಾತಿಲ್ಲದೆ ಕಂಬಳಿಯಿಂದ ಎತ್ತಿ ಅವರ ಕೈಗೇ ಕೊಟ್ಟುಬಿಡುತ್ತಾರೆ.