ಸುಟ್ಟುಹೋದ ಹದಿನೇಳು ಗಂಟು

“ಗುರುಗಳೇ, ಬೆಂಕಿಯಲ್ಲಿ ಎಲ್ಲ ಕಳೆದುಕೊಂಡು ಕೂತವರಿಗೆ ಸಮಾಧಾನ ಹೇಳುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಫಕೀರವ್ವ ಎಂಬ ಹೆಂಗಸಿದ್ದಳು. ಕೌದಿ ಹೊಲಿಯುವುದು ಅವಳ ಕಸುಬು. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ, ಏನು ತಂದುಕೊಟ್ಟರೂ ಪದರ ಪದರವಾಗಿ ಹಾಸಿ, ಒತ್ತೊತ್ತಾಗಿ ಹೊಲಿಗೆ ಹಾಕಿ, ಹೊದೆಯಲು ಬೆಚ್ಚನೆಯ ಕೌದಿ ಮಾಡಿಕೊಡುತ್ತಿದ್ದಳು. ಗಂಡ ತೀರಿಹೋಗಿ ಇಪ್ಪತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮನೆಯ ಮುಂದಿನ ಪಡಸಾಲೆಯೇ ಅವಳ ಕೆಲಸದ ಜಾಗ. ಅದಕ್ಕೆ ಹುಲ್ಲಿನ ಮಾಡು. ಗೋಡೆಗೆ ಒರಗಿಸಿ ಊರವರ ಬಟ್ಟೆಯ ಗಂಟುಗಳು, ಗೂಟದಲ್ಲಿ ದಾರದ ಲಡಿಗಳು, ನಡುವೆ ಹಾಸಿದ ಅರ್ಧ ಹೊಲಿದ ಕೌದಿ, ಅದರ ಮೇಲೆ ಕಾಲು ಚಾಚಿ ಕೂತ ಫಕೀರವ್ವ. ಊರವರು ಅವಳನ್ನು ಬೇರೆ ರೀತಿಯಲ್ಲಿ ನೋಡಿದ್ದೇ ಇಲ್ಲ.

ಯಾರ ಗಂಟು ಯಾವುದೆಂದು ಬರೆದಿಡಲು ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅದರ ಅಗತ್ಯವೂ ಬಿದ್ದಿರಲಿಲ್ಲ. ಒಮ್ಮೆ ಮುಟ್ಟಿದ ಬಟ್ಟೆ ಅವಳಿಗೆ ನೆನಪಿರುತ್ತಿತ್ತು.

ಸತ್ತವರ ಬಟ್ಟೆಯನ್ನೂ ಜನ ಅವಳ ಹತ್ತಿರವೇ ತರುತ್ತಿದ್ದರು. ಇಟ್ಟುಕೊಂಡರೆ ನೋಡಲಾಗದು, ಕೊಟ್ಟುಬಿಡಲು ಮನಸ್ಸು ಬಾರದು. ಅಂಥ ಬಟ್ಟೆ ಕೌದಿಯಾಗಿ ಮನೆಗೆ ಹಿಂದಿರುಗಿದರೆ ಅದನ್ನು ಹೊದ್ದು ಮಲಗಬಹುದಿತ್ತು. ಹೀಗೆ ಎಷ್ಟೋ ಮನೆಗಳ ದುಃಖ ತನ್ನ ಕೈಯಲ್ಲಿ ಹಗುರಾದದ್ದನ್ನು ಫಕೀರವ್ವ ನೋಡಿದ್ದಳು. ನೋಡಿ ನೋಡಿ ಅವಳಿಗೊಂದು ನಂಬಿಕೆ ಬಂದುಬಿಟ್ಟಿತ್ತು. ಸೂಜಿ ಹಾಕಿದರೆ ಹಗುರಾಗದ ದುಃಖವೇ ಇಲ್ಲ ಎಂದುಕೊಂಡಿದ್ದಳು.

ಅದೇ ಓಣಿಯಲ್ಲಿ ಬಾಳವ್ವ ಎಂಬ ಚಿಕ್ಕ ವಯಸ್ಸಿನ ಹೆಂಗಸಿದ್ದಳು. ಅವಳ ಒಂಬತ್ತು ವರ್ಷದ ಮಗಳು ಜ್ವರ ಬಂದು ಮೂರೇ ದಿನಕ್ಕೆ ತೀರಿಹೋಗಿದ್ದಳು. ಆ ಮಗುವಿನ ಬಟ್ಟೆಗಳನ್ನು ಬಾಳವ್ವ ಒಂದು ಟ್ರಂಕಿನಲ್ಲಿಟ್ಟು ಯಾರೂ ಮುಟ್ಟದಂತೆ ಕಾಯುತ್ತಿದ್ದಳು. ಫಕೀರವ್ವ ತಾನಾಗಿಯೇ ಅವಳ ಮನೆಗೆ ಹೋದಳು. “ಕೊಡು ತಂಗಿ, ಕೌದಿ ಹೊಲಿದುಕೊಡತೀನಿ” ಎಂದಳು. ಬಾಳವ್ವ ಒಲ್ಲೆ ಎಂದಳು. ಫಕೀರವ್ವ ಮತ್ತೊಮ್ಮೆ ಹೋದಳು. ಮೂರನೆಯ ಸಲ ಹೋದಾಗ ಬಾಳವ್ವ ಮಾತಾಡದೆ ಟ್ರಂಕು ತೆಗೆದು, ಹನ್ನೊಂದು ಬಟ್ಟೆಗಳನ್ನು ತನ್ನದೇ ಸೀರೆಯ ತುಂಡಿನಲ್ಲಿ ಕಟ್ಟಿಕೊಟ್ಟಳು.

ಫಕೀರವ್ವ ಮನೆಗೆ ಬಂದು ಅದನ್ನು ಬಿಚ್ಚಿ, ಒಂದೊಂದು ಬಟ್ಟೆಯನ್ನೂ ಕೈಯಾಡಿಸಿ ನೋಡಿ ಮತ್ತೆ ಕಟ್ಟಿಟ್ಟಳು. ಆ ಗಂಟೂ ಸೇರಿ ಪಡಸಾಲೆಯಲ್ಲಿ ಹದಿನೇಳು ಗಂಟುಗಳಾದವು.

ಬಟ್ಟೆಗೆ ಹುಳು ಬೀಳಬಾರದೆಂದು ಫಕೀರವ್ವ ಹದಿನೈದು ದಿನಕ್ಕೊಮ್ಮೆ ಬೇವಿನ ಹೊಗೆ ಹಾಕುತ್ತಿದ್ದಳು. ಹೆಂಚಿನ ಚೂರಿನಲ್ಲಿ ಕೆಂಡ, ಅದರ ಮೇಲೆ ಒಣ ಬೇವಿನೆಲೆ. ಇಪ್ಪತ್ತು ವರ್ಷ ಹಾಗೇ ಮಾಡಿದ್ದಳು, ಏನೂ ಆಗಿರಲಿಲ್ಲ. ಒಂದು ದಿನ ಬೆಳಿಗ್ಗೆ ಹೊಗೆ ಹಾಕಿ, ಅದು ಪಡಸಾಲೆ ತುಂಬುವಷ್ಟರಲ್ಲಿ ಬಂದೇನೆಂದು ಕೊಡ ತೆಗೆದುಕೊಂಡು ಬಾವಿಗೆ ಹೋದಳು. ಅಂದು ಗಾಳಿ ಜೋರಾಗಿತ್ತು. ಬಾವಿಯ ಹತ್ತಿರ ಸರದಿಯೂ ಇತ್ತು. ಎರಡನೆಯ ಕೊಡ ಸೇದುವಾಗ ಯಾರೋ ಕೂಗಿದರು. ತಿರುಗಿ ನೋಡಿದಾಗ ಅವಳ ಮಾಡು ಉರಿಯುತ್ತಿತ್ತು.

ಜನ ಓಡಿಬಂದರು. ಕೈಯಿಂದ ಕೈಗೆ ನೀರು ದಾಟಿಸಿದರು. ಹಿಂದಿನ ಅಡುಗೆಮನೆ ಉಳಿಯಿತು. ಪಡಸಾಲೆ ಉಳಿಯಲಿಲ್ಲ. ಫಕೀರವ್ವ ಎರಡು ಸಲ ಒಳಗೆ ನುಗ್ಗಲು ಹೋದಳು. ಎರಡು ಸಲವೂ ಜನ ಅವಳನ್ನು ರಟ್ಟೆ ಹಿಡಿದು ಎಳೆದರು. ಮೂರನೆಯ ಸಲ ಹೋಗಲು ಒಳಗೆ ಏನೂ ಇರಲಿಲ್ಲ.

ಮಾರನೆಯ ದಿನ ಅವಳು ಜರಡಿ ಹಿಡಿದು ಬೂದಿ ಸೋಸಿದಳು. ಸಿಕ್ಕಿದ್ದು ಸೂಜಿಗಳು ಮಾತ್ರ. ಒಂದನ್ನು ಬೆರಳಲ್ಲಿ ಹಿಡಿದು ಒತ್ತಿದಳು, ಅದು ಬಾಗಿತು. ಬೆಂಕಿ ತಿಂದ ಸೂಜಿಯಲ್ಲಿ ಗಡಸು ಉಳಿದಿರಲಿಲ್ಲ. ಅವನ್ನೂ ಬೂದಿಗೇ ಚೆಲ್ಲಿದಳು.

ಊರವರು ಒಳ್ಳೆಯವರು. ಒಬ್ಬೊಬ್ಬರಾಗಿ ಬಂದರು. ಜೀವ ಉಳಿಯಿತಲ್ಲ, ಅಷ್ಟೇ ಸಾಕು ಎಂದರು. ಹಳೇ ಬಟ್ಟೆ ತಾನೇ, ಹೋದರೆ ಹೋಯಿತು ಎಂದರು. ಬಟ್ಟೆಯ ವ್ಯಾಪಾರಿಯೊಬ್ಬ ಹೊಸ ಬಟ್ಟೆಯ ಒಂದು ಇಡೀ ಸುರುಳಿ ತಂದು ಅವಳ ಮುಂದಿಟ್ಟು, “ನಾಳೆಯಿಂದಲೇ ಶುರುಮಾಡು” ಎಂದ. ಇದೆಲ್ಲ ಮಾಯೆ, ಯಾವುದೂ ನಮ್ಮದಲ್ಲ ಎಂದು ಹಿರಿಯರೊಬ್ಬರು ಹೇಳಿದರು. ಫಕೀರವ್ವ ಎಲ್ಲರಿಗೂ ತಲೆಯಾಡಿಸಿದಳು. ಯಾವುದೂ ನಮ್ಮದಲ್ಲ ಎಂಬ ಮಾತು ಮಾತ್ರ ಅವಳ ಮನಸ್ಸಿನಲ್ಲಿ ಬೇರೆ ರೀತಿಯಲ್ಲಿ ಕೂತಿತು. ಹೌದು, ಒಂದು ಗಂಟೂ ನನ್ನದಾಗಿರಲಿಲ್ಲ ಎಂದುಕೊಂಡಳು. ತನ್ನದೇ ಸುಟ್ಟಿದ್ದರೆ ಅವಳು ಹೇಗೋ ಎದ್ದು ನಿಲ್ಲುತ್ತಿದ್ದಳು.

ಬಂದವರಲ್ಲಿ ಯಾರೊಬ್ಬರೂ ತಮ್ಮ ಗಂಟಿನ ಮಾತೆತ್ತಲಿಲ್ಲ. ಅದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಮೂರನೆಯ ದಿನ ಅವಳೇ ಹೊರಟಳು. ಗಂಟು ಕೊಟ್ಟ ಹದಿನೇಳು ಮನೆಗಳಿಗೂ ಹೋಗಿ, ನಿಮ್ಮ ಇಂಥಿಂಥ ಬಟ್ಟೆ ನನ್ನ ಕೈಯಿಂದ ಸುಟ್ಟುಹೋಯಿತು ಎಂದು ಹೇಳಬೇಕೆಂದು ನಿಶ್ಚಯಿಸಿದ್ದಳು. ಮನೆಮನೆಯಲ್ಲೂ ಒಳ್ಳೆಯ ಮಾತೇ ಸಿಕ್ಕಿತು. ಇರಲಿ ಬಿಡು, ನೀನು ಬೇಕೆಂದು ಮಾಡಿದ್ದಲ್ಲವಲ್ಲ ಎಂದರು. ಕೂರಿಸಿ ಚಹಾ ಕೊಟ್ಟರು. ಒಬ್ಬ ಮುದುಕ, ತೀರಿಕೊಂಡ ಹೆಂಡತಿಯ ಎರಡು ಇಳಕಲ್ ಸೀರೆ ಕೊಟ್ಟಿದ್ದವನು, ಅವಳ ಮಾತು ಮುಗಿಯುವ ಮೊದಲೇ ಕೈಯಾಡಿಸಿ, ಹೋಗವ್ವಾ, ಅದನ್ನೇನು ದೊಡ್ಡದು ಮಾಡುತ್ತೀ ಎಂದ. ಹೊಸ್ತಿಲು ದಾಟಿ ಅವಳು ಹಿಂದಿರುಗಿ ನೋಡಿದಾಗ ಅವನು ಗೋಡೆಗೆ ಮುಖ ಮಾಡಿ ಕೂತಿದ್ದ.

ಹದಿನಾರು ಮನೆಗಳಾದವು. ಬಾಳವ್ವನ ಮನೆಯನ್ನು ಅವಳು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದಳು. ಅಲ್ಲಿ ಏನು ಹೇಳಬೇಕೆಂದು ಎರಡು ದಿನ ಯೋಚಿಸಿದಳು. ಮಾತುಗಳನ್ನು ಬಾಯಿಪಾಠ ಮಾಡಿಕೊಂಡಳು. ಅವಳ ಮನೆಯ ಹತ್ತಿರದವರೆಗೆ ಬಂದು ಒಂದು ಸಲ ಹಿಂದಿರುಗಿಯೂ ಬಿಟ್ಟಳು.

ಕೊನೆಗೆ ಹೋದಾಗ ಬಾಳವ್ವ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಾ ಎನ್ನಲಿಲ್ಲ.

“ನಾ ಒಲ್ಲೆ ಅಂದಿದ್ದೆ” ಎಂದಳು.

ಬಾಯಿಪಾಠ ಮಾಡಿದ ಮಾತುಗಳಲ್ಲಿ ಒಂದೂ ಫಕೀರವ್ವನಿಗೆ ನೆನಪಾಗಲಿಲ್ಲ. “ಹೌದು ತಂಗಿ” ಎಂದಳು.

ಬಾಳವ್ವ ಬಾಗಿಲು ಹಾಕಲಿಲ್ಲ. ತಿರುಗಿ ಒಳಗೆ ಹೋಗಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಫಕೀರವ್ವ ಅಲ್ಲೇ ಹೊರಗಿನ ಕಟ್ಟೆಯ ಮೇಲೆ ಕೂತಳು. ಬಿಸಿಲು ಬಂದಿತು, ಹೋಯಿತು. ಸಂಜೆ ಬಾಳವ್ವನ ಗಂಡ ಹೊಲದಿಂದ ಬಂದು ಅವಳನ್ನು ನೋಡಿ ಒಳಗೆ ಹೋದ. ಅವಳು ಎದ್ದು ಮನೆಗೆ ಹೋದಳು.

ಮರುದಿನವೂ ಬಂದು ಕೂತಳು. ಅದರ ಮರುದಿನವೂ ಬಂದಳು.

ಯಾಕೆ ಬರುತ್ತಿದ್ದಾಳೆಂದು ಅವಳಿಗೂ ತಿಳಿದಿರಲಿಲ್ಲ. ಕ್ಷಮೆ ಕೇಳಲು ಬಂದವಳಂತೂ ಅಲ್ಲ. ಕೇಳಿದರೆ ಬಾಳವ್ವ ಕೊಟ್ಟುಬಿಟ್ಟಾಳು, ಆ ಮುದುಕನ ಹಾಗೆ ಇವಳೂ ಗೋಡೆಗೆ ಮುಖ ಮಾಡಿಯಾಳು ಎಂಬ ಭಯವಿತ್ತು. ಇಡೀ ಊರಿನಲ್ಲಿ ತನ್ನ ತಪ್ಪನ್ನು ತಪ್ಪೆಂದು ಬಾಯಿಬಿಟ್ಟು ಹೇಳಿದ ಮನೆ ಅದೊಂದೇ. ಬೇರೆ ಯಾವ ಕಟ್ಟೆಯ ಮೇಲೂ ಅವಳಿಗೆ ಕೂರಲಾಗುತ್ತಿರಲಿಲ್ಲ.

ಫಕೀರವ್ವನಿಗೆ ತಲೆ ಕೆಟ್ಟಿದೆ ಎಂದು ಊರಲ್ಲಿ ಮಾತಾಯಿತು. ಅವಳ ಅಣ್ಣ ಪಕ್ಕದ ಊರಿನಿಂದ ಬಂದು ಕರೆದ. ಅವಳು ಹೋಗಲಿಲ್ಲ.

ಹದಿನೈದು ದಿನವಾಗಿರಬೇಕು. ಬಾಳವ್ವ ಒಂದು ಮೊರದಲ್ಲಿ ಬೇಳೆ ಹಾಕಿಕೊಂಡು ಹೊರಗೆ ಬಂದಳು. ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತು ಕಲ್ಲು ಆರಿಸತೊಡಗಿದಳು. ಮರುದಿನವೂ ಹಾಗೇ ಬಂದು ಕೂತಳು. ಮೂರನೆಯ ದಿನ ಅವಳ ಕೈ ಮೊರದಲ್ಲಿಯೇ ನಿಂತಿತು.

“ಅಕ್ಕಾ, ಹಳದಿ ಲಂಗದ ಅಂಚು ಯಾವ ಬಣ್ಣದ್ದು? ನಿನ್ನೆಯಿಂದ ನೆನಪು ಮಾಡಿಕೊಳ್ಳಾಕ ಹತ್ತೀನಿ, ಬರವಲ್ಲದು.”

“ಹಸಿರು, ತಂಗಿ. ಒಂದು ಕಡೆ ಹರಿದಿತ್ತು. ನೀ ಕರೇ ದಾರದಾಗ ಹೊಲಿದಿದ್ದಿ.”

ಬಾಳವ್ವ ಮೊರ ಬಿಟ್ಟು ಎದ್ದಳು. ಬಂದು ಫಕೀರವ್ವನ ಹೆಗಲಿಗೆ ಹೊಡೆದಳು. ಎರಡೂ ಕೈಯಿಂದ, ಮುಷ್ಟಿ ಕಟ್ಟಿ ಹೊಡೆದಳು. ಹೊಡೆಯುತ್ತ ಹೊಡೆಯುತ್ತ ಅಳತೊಡಗಿದಳು. ಮಗಳನ್ನು ಮಣ್ಣು ಮಾಡಿ ಬಂದ ದಿನ ಅವಳು ಹಾಗೆ ಅತ್ತಿರಲಿಲ್ಲ. ಫಕೀರವ್ವ ತಡೆಯಲಿಲ್ಲ, ಕದಲಲೂ ಇಲ್ಲ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು. ಕಟ್ಟೆಯ ಕೆಳಗೆಲ್ಲ ಬೇಳೆ ಚೆಲ್ಲಿತ್ತು. ಆಮೇಲೆ ಇಬ್ಬರೂ ಕೂತು ಅದನ್ನು ಆರಿಸಿದರು.

ಅಂದಿನಿಂದ ಅವರು ಆ ಬಟ್ಟೆಗಳ ಮಾತಾಡಿದರು. ದಿನಕ್ಕೊಂದು ಬಟ್ಟೆಯಂತೆ ನೆನಪು ಮಾಡಿಕೊಂಡರು. ಜೇಬಿದ್ದ ನೀಲಿ ಫ್ರಾಕು, ಆ ಜೇಬಿನಲ್ಲಿ ಉಳಿದಿದ್ದ ಹುಣಸೆ ಬೀಜ. ಶಾಲೆಯ ಬಿಳಿ ಅಂಗಿ, ಅದರ ಕಾಲರಿನ ಮೇಲೆ ಶಾಯಿಯ ಕಲೆ. ಅಜ್ಜಿಯ ಸೀರೆ ಹರಿದು ಹೊಲಿಸಿದ ಪರಕಾರ ಲಂಗ. ಆ ಮಗುವನ್ನು ಅಷ್ಟು ಹತ್ತಿರದಿಂದ ಬಲ್ಲವರು ಊರಿನಲ್ಲಿ ಅವರಿಬ್ಬರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಗಂಡನ ಮುಂದೆ ಬಾಳವ್ವ ಆ ಮಾತೆತ್ತುವಂತಿರಲಿಲ್ಲ, ಎತ್ತಿದರೆ ಅವನು ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಹತ್ತು ಬಟ್ಟೆಗಳು ನೆನಪಾದವು. ಹನ್ನೊಂದನೆಯದು ಆಗಲಿಲ್ಲ. ತಾಯಿಗೂ ಆಗಲಿಲ್ಲ, ಮುಟ್ಟಿದ್ದನ್ನು ಮರೆಯದ ಫಕೀರವ್ವನಿಗೂ ಆಗಲಿಲ್ಲ. ತಿಂಗಳುಗಟ್ಟಲೆ ಹುಡುಕಿದರು. ಒಂದೊಂದು ದಿನ ಬಾಳವ್ವ ಓಡಿಬಂದು ಸಿಕ್ಕಿತು ಎನ್ನುತ್ತಿದ್ದಳು. ಲೆಕ್ಕ ಹಾಕಿದರೆ ಅದು ಮೊದಲೇ ಸಿಕ್ಕಿದ ಹತ್ತರಲ್ಲಿ ಒಂದಾಗಿರುತ್ತಿತ್ತು. ಹನ್ನೊಂದನೆಯದು ಬೆಂಕಿಗೇ ಹೋಯಿತು.

ಫಕೀರವ್ವ ಮತ್ತೆ ಸೂಜಿ ಹಿಡಿಯಲಿಲ್ಲ. ಕಂಡವರ ಹೊಲದಲ್ಲಿ ಕಳೆ ಕಿತ್ತು ಹೊಟ್ಟೆ ಹೊರೆದಳು. ವ್ಯಾಪಾರಿ ಕೊಟ್ಟ ಬಟ್ಟೆಯನ್ನು ಹಾಗೇ ಹಿಂದಿರುಗಿಸಿದಳು. ಪಡಸಾಲೆಯ ಜಾಗದಲ್ಲಿ ಮತ್ತೆ ಮಾಡು ಕಟ್ಟಲಿಲ್ಲ. ಮಳೆ ಬಂದು ಬೂದಿಯನ್ನೆಲ್ಲ ತೊಳೆದುಕೊಂಡು ಹೋಯಿತು. ಅಲ್ಲಿ ಹುಲ್ಲು ಬೆಳೆಯಿತು. ಓಣಿಯ ಎಮ್ಮೆಗಳು ಬಂದು ಮೇಯ್ದುಕೊಂಡು ಹೋಗುತ್ತಿದ್ದವು.

ಆರು ವರ್ಷ ಕಳೆಯಿತು. ಬಾಳವ್ವನಿಗೆ ಗಂಡುಮಗು ಹುಟ್ಟಿತು. ಇನ್ನು ಎಲ್ಲ ಸರಿಹೋಯಿತು ಎಂದು ಊರವರು ಸಂತೋಷಪಟ್ಟರು. ಬಾಳವ್ವ ಒಂದು ದಿನ ಮಗುವನ್ನು ಎತ್ತಿಕೊಂಡು ಫಕೀರವ್ವನ ಮನೆಗೆ ಬಂದಳು. ಇನ್ನೊಂದು ಕೈಯಲ್ಲಿ ತನ್ನ ಹಳೆಯ ಸೀರೆ ಇತ್ತು. ಅದನ್ನು ಮುಂದೆ ಚಾಚಿ, ಕೂಸಿಗೊಂದು ಕೌದಿ ಬೇಕು, ನೀನೇ ಹೊಲಿಯಬೇಕು ಎಂದಳು.

ಹಿಂದೆ ಒಲ್ಲೆ ಎಂದವಳು ಈಗ ತಾನಾಗಿಯೇ ತಂದುಕೊಡುತ್ತಿದ್ದಳು. ಫಕೀರವ್ವನಿಗೆ ಅದು ಅರ್ಥವಾಯಿತು. ಸೀರೆ ತೆಗೆದುಕೊಂಡಳು. ತೊಡೆಯ ಮೇಲೆ ಹಾಸಿ ಕೈಯಾಡಿಸಿದಳು. ಎಲ್ಲಿ ಸವೆದಿದೆ, ಎಲ್ಲಿ ಗಟ್ಟಿ ಇದೆ ಎಂದು ಹಳೆಯ ಅಭ್ಯಾಸದಿಂದ ಬೆರಳು ಹುಡುಕಿತು. ಆಮೇಲೆ ಸೀರೆಯನ್ನು ಅಂಚಿಗೆ ಅಂಚು ಸೇರಿಸಿ, ಮೊದಲಿಗಿಂತ ಅಚ್ಚುಕಟ್ಟಾಗಿ ಮಡಿಚಿ ಬಾಳವ್ವನ ಕೈಗೇ ಕೊಟ್ಟಳು.

ಬಾಳವ್ವ ಬೇಸರಪಡಲಿಲ್ಲ. ಮತ್ತೊಮ್ಮೆ ಕೇಳಲಿಲ್ಲ. ಕಾಲಕ್ಕೆ ಎಲ್ಲ ಮಾಯುತ್ತದೆ ಎಂದೂ ಹೇಳಲಿಲ್ಲ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳ ಪಕ್ಕದಲ್ಲಿ ಕೂತಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು ಮನೆಗೆ ಹೋದಳು. ಮರುದಿನ ಮತ್ತೆ ಬಂದಳು.

ಗುರುಗಳು ಇಷ್ಟಕ್ಕೆ ಕತೆ ಮುಗಿಸಿದರು.

ಶಿಷ್ಯ, “ಹಾಗಾದರೆ ಫಕೀರವ್ವನಿಗೆ ಕೊನೆಗೂ ಸಮಾಧಾನವಾಗಲೇ ಇಲ್ಲವೇ?” ಎಂದು ಕೇಳಿದ.

ಗುರುಗಳು ಅವನ ಮುಖ ನೋಡಿ ಕೇಳಿದರು: “ಸಮಾಧಾನ ಬೇಕಾಗಿರುವುದು ಅವಳಿಗೋ, ನಿನಗೋ?”